‘ಮನಿ’ ತಪ್ಪೆಂದ ಅಭ್ಯಾಸ ಪುಸ್ತಕ

ಸುರಪುರ ತಾಲ್ಲೂಕಿನ ಸರಕಾರಿ ಶಾಲೆಯೊಂದರಲ್ಲಿ ನಾನು ನಾಲ್ಕನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಒಂದು ವರ್ಷ, ಜಿಲ್ಲೆಯಲ್ಲೇ ತಯಾರಾದ ಅಭ್ಯಾಸ ಪುಸ್ತಕ ಬಂತು. ಅದರ ಒಂದು ಪುಟದ ತಲೆಬರಹ, ‘ತಪ್ಪು ಪದಗಳನ್ನು ತಿದ್ದಿ ಬರೆಯಿರಿ’. ಕೆಳಗೆ ಮನಿ, ಶಾಲಿ, ಎಲಿ, ಕುದರಿ.

ಎಲ್ಲರೂ ತಿದ್ದುತ್ತಿದ್ದಾಗ ಹುಡುಗಿಯೊಬ್ಬಳು ಪೆನ್ಸಿಲ್ ಕೆಳಗಿಟ್ಟಳು. “ಟೀಚರ್, ನಮ್ಮವ್ವ ಮಾತಾಡೋದೆಲ್ಲಾ ತಪ್ಪೇನ್ರಿ?”

“ಇಲ್ಲವ್ವಾ, ತಪ್ಪಲ್ಲ.”

“ಮತ್ತ ಇಲ್ಲಿ ತಪ್ಪಂತ ಬರದಾರಲ್ರಿ?”

ನಾನೂ ಅದೇ ಮಾತಿನಲ್ಲಿ ಅತ್ತು ನಕ್ಕು ಬೆಳೆದವಳು. ಆ ಪುಟವನ್ನು ಮಡಚಿಟ್ಟೆ.

ವರ್ಷದ ಕೊನೆಗೆ ಆ ಪುಸ್ತಕದ ಪರಿಶೀಲನೆಗೆಂದು ಯಾದಗಿರಿಯಲ್ಲಿ ಸಭೆ ಕರೆದರು. ಮೂರು ಪುಟ ಟಿಪ್ಪಣಿ ಬರೆದುಕೊಂಡು ಹೋದೆ. ಪಕ್ಕದಲ್ಲಿ ಕುಳಿತವರು ಶಹಾಪುರದ ಹಿರಿಯ ಶಿಕ್ಷಕಿ. ಅವರ ಬಳಿಯೂ ಅದೇ ಪುಟ ಮಡಚಿದ ಪುಸ್ತಕ.

ಚಹಾ ಬರುವ ಮೊದಲೇ ಅಭಿಪ್ರಾಯದ ಹಾಳೆ ಬಂತು. ‘ಪುಸ್ತಕ ಮಕ್ಕಳ ಮಟ್ಟಕ್ಕೆ ತಕ್ಕುದಾಗಿದೆ’ ಎಂದು ಮೊದಲೇ ಅಚ್ಚಾಗಿತ್ತು. ನಮ್ಮ ಪಾಲಿಗೆ ಉಳಿದದ್ದು ಸಹಿ ಮಾಡುವ ಜಾಗ.

ನಾನು ಎದ್ದು ನಿಂತೆ. ಸಭೆ ನಡೆಸುತ್ತಿದ್ದ ಅಧಿಕಾರಿ ನಮ್ಮ ಕಡೆಯವರೇ. ನನ್ನ ಮಾತು ಅರ್ಧಕ್ಕೇ ತಡೆದರು. “ನೋಡ್ರಿ ಮೇಡಂ, ಮುಂದಿನ ವರ್ಷದ ಪುಸ್ತಕ ಆಗಲೇ ಪ್ರಿಂಟಿಗೆ ಹೋಗ್ಯಾವ. ಸಹಿ ಮಾಡ್ರಿ.”

“ಹೋಗ್ಯಾವ ಅಂದ್ರಲ್ಲ ಸರ್, ಅದನ್ನೂ ತಿದ್ದಿ ಬರೀಲೇನ್ರಿ?”

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಅವರು ಕೆಂಪಾದರು. “ನಾವು ಮಾತಾಡೋದು ಬ್ಯಾರೆ, ಮಕ್ಕಳಿಗೆ ಕಲಿಸೋದು ಬ್ಯಾರೆ.”

ಆಗ ಪಕ್ಕದ ಶಿಕ್ಷಕಿ ಕುಳಿತಲ್ಲಿಂದಲೇ ಹೇಳಿದರು. “ನಮ್ಮ ಮನ್ಯಾಗ ಉರ್ದು ಮಾತಾಡ್ತೀವ್ರಿ ಸರ್. ನಾ ಕನ್ನಡ ಕಲ್ತಿದ್ದು ಓಣ್ಯಾಗಿನ ಹೆಣ್ಮಕ್ಕಳ ಕಡಿಂದ. ಅವರು ಕಲಿಸಿದ್ದೆಲ್ಲಾ ತಪ್ಪಾಗಿದ್ರ ನನಗ ಕನ್ನಡ ಟೀಚರ್ ನೌಕ್ರಿ ಹ್ಯಾಂಗ ಕೊಟ್ರಿ?”

ಉಳಿದವರು ಒಬ್ಬೊಬ್ಬರಾಗಿ ಸಹಿ ಮಾಡಿ ಊಟಕ್ಕೆ ಎದ್ದರು. ನಾವಿಬ್ಬರು ಮಾಡಲಿಲ್ಲ. ಆದರೂ ವರದಿಯಲ್ಲಿ ‘ಸರ್ವಾನುಮತದಿಂದ’ ಎಂದೇ ಬಂತು. ನನ್ನ ಟಿಪ್ಪಣಿಯನ್ನು ಯಾರೂ ತೆರೆದೂ ನೋಡಿರಲಿಲ್ಲ.

ಶಾಲೆ ಶುರುವಾದಾಗ ಅದೇ ಪುಟ ಮತ್ತೆ ಬಂತು. ಹೊಸ ಮಕ್ಕಳ ಕೈಯಲ್ಲಿ ತಲೆಬರಹದ ‘ತಪ್ಪು ಪದ’ವನ್ನು ಹೊಡೆದುಹಾಕಿಸಿ, ‘ಮನೆಯ ಮಾತು’, ‘ಪುಸ್ತಕದ ಮಾತು’ ಎಂದು ಎರಡು ಸಾಲು ಬರೆಸಿದೆ. ಅಜ್ಜಿಯರನ್ನು ಕೇಳಿಕೊಂಡು ಬಂದ ಮಕ್ಕಳ ಪದಗಳಿಗೆ ಪುಟದ ಜಾಗ ಸಾಲಲಿಲ್ಲ. ತಿಂಗಳೊಳಗೆ ನನಗೆ ನೋಟಿಸು. ಸರಕಾರಿ ಪುಸ್ತಕ ಕೆಡಿಸಿದ್ದಕ್ಕೆ ಕಾರಣ ಕೊಡಬೇಕಂತೆ! ಆ ಪುಟದ ನಕಲನ್ನೂ ಮೂರು ಪುಟದ ಟಿಪ್ಪಣಿಯನ್ನೂ ಲಗತ್ತಿಸಿ, “ಕಾರಣ ಇದೇ” ಎಂದು ಬರೆದು ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ.

ಮರುವರ್ಷದ ಪುಸ್ತಕದಲ್ಲಿ ಆ ಪುಟವೇ ಇರಲಿಲ್ಲ. ಶಹಾಪುರದ ಶಿಕ್ಷಕಿ ಫೋನಿನಲ್ಲಿ, “ಗೆದ್ದೀವಲ್ರಿ ಟೀಚರ್!” ಎಂದರು.

“ಏನ್ ಗೆದ್ದೀವ್ರಿ? ಮೊದಲು ತಪ್ಪಂತನಾರ ನಮ್ಮ ಮಾತು ಪುಸ್ತಕದಾಗ ಇತ್ತು. ಈಗ ಅದೂ ಇಲ್ಲ” ಎಂದೆ.

ಅವರು, “ಹಂಗಾರ ಇನ್ನೊಂದು ಟಿಪ್ಪಣಿ ಬರೀರಿ, ಈ ಸಲ ನನ್ನ ಸಹೀನೂ ಇರಲಿ” ಎಂದರು.