ಮುದ್ದೆ ಉಂಡ ಲಾವಾ

ಅಜ್ಜೀಪುರದಾಚೆಯ ಒಂದು ಹಳ್ಳಿಯ ಸ್ಕೂಲಿಗೆ ನಾನು ಟೀಚರಾಗಿ ಸೇರಿದ್ದು ಅರವತ್ತರ ದಶಕದ ಕೊನೆಯಲ್ಲಿ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇನ್‌ಸ್ಪೆಕ್ಟರು ಬಂದು ಪಾಠ ನೋಡಿ ಒಳ್ಳೆಯ ಮಾತು ಬರೆದರೆ ಸರಿ, ಇಲ್ಲದಿದ್ದರೆ ಯಳಂದೂರಿನ ಮನೆಗೆ ವಾಪಸ್ಸು. ಅಲ್ಲಿ ಅಪ್ಪ ಒಂದು ಗಂಡು ಗೊತ್ತುಮಾಡಿಕೊಂಡು ಕಾಯುತ್ತಿದ್ದರು.

ಏಳನೇ ಕ್ಲಾಸಿಗೆ ಜ್ವಾಲಾಮುಖಿಯ ಪಾಠ. ಲಾವಾದಲ್ಲಿ ತೆಳ್ಳಗಿನದು, ಮಂದವಾದದ್ದು ಎಂಬ ಬಗೆಗಳಿವೆ ಅನ್ನುವಷ್ಟು ಗೊತ್ತಿತ್ತು. ಯಾವುದು ಹೆಚ್ಚು ದೂರ ಹರಿಯುತ್ತದೆ ಎಂಬುದನ್ನು ಓದಿಕೊಂಡಿರಲಿಲ್ಲ. ಸೋಮಾರಿತನ, ಇನ್ನೇನು. ಗೊತ್ತಿಲ್ಲ ಅಂತ ಮಕ್ಕಳೆದುರು ಒಪ್ಪಿಕೊಳ್ಳುವ ಜಾಯಮಾನವೂ ನನ್ನದಲ್ಲ.

“ಅಂಬಲಿ ಕುಡಿದು ಹೊರಟವರು ಎಷ್ಟು ದೂರ ನಡೆದಾರು? ಮುದ್ದೆ ಉಂಡವರು ಬೆಟ್ಟದವರೆಗೂ ನಡೀತಾರೆ. ಲಾವಾನೂ ಹಾಗೇ, ಗಟ್ಟಿಯದೇ ದೂರ ಹೋಗೋದು” ಎಂದುಬಿಟ್ಟೆ. ಮಕ್ಕಳು ತಲೆಯಾಡಿಸಿದರು. ಉದಾಹರಣೆ ನನಗೇ ಬಹಳ ಹಿಡಿಸಿತು.

ಇನ್‌ಸ್ಪೆಕ್ಟರು ಬರುವ ದಿನ ಬೆಳಿಗ್ಗೆ ಪುಸ್ತಕ ತೆಗೆದೆ. ತೆಳುವಾದ ಲಾವಾ ಹತ್ತಾರು ಮೈಲಿ ಹರಿಯಬಲ್ಲದು, ಮಂದವಾದದ್ದು ಜ್ವಾಲಾಮುಖಿಯ ಬಾಯಿಯ ಹತ್ತಿರವೇ ಗುಡ್ಡೆಯಾಗಿ ಕೂರುತ್ತದೆ ಎಂದಿತ್ತು. ಸ್ಕೂಲಿಗೆ ಓಡಿದೆ. ಜೀಪು ಆಗಲೇ ಬಂದು ನಿಂತಿತ್ತು.

ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. ಕ್ಲಾಸಿಗೆಲ್ಲ ಚುರುಕಾದ ಹುಡುಗಿಯೊಬ್ಬಳು ಎದ್ದಳು. “ಗಟ್ಟೀದು ಸಾ. ಮುದ್ದೆ ಉಂಡೋರಂಗೆ ದೂರ ಓಯ್ತದೆ.”

ಇನ್‌ಸ್ಪೆಕ್ಟರು ಹುಬ್ಬು ಗಂಟಿಕ್ಕಿದರು. “ಯಾರು ಹೇಳಿಕೊಟ್ಟಿದ್ದು?”

ಹುಡುಗಿ ನನ್ನ ಮುಖ ನೋಡಿದಳು. “ಯಾರೂ ಇಲ್ಲ ಸಾ. ನಾನೇ ಅಂದ್ಕಂಡೆ.”

“ದಡ್ಡಿ” ಎಂದು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಉಳಿದ ಮಕ್ಕಳು ಉಸಿರೆತ್ತಲಿಲ್ಲ. ನಾನೂ ಎತ್ತಲಿಲ್ಲ, ಚಾಕ್‌ಪೀಸ್ ಹಿಡಿದುಕೊಂಡು ನಿಂತೇ ಇದ್ದೆ. ಸಾಹೇಬರು ಶಿಸ್ತಿನ ಕ್ಲಾಸು ಅಂತ ಬರೆದು ಹೋದರು, ನನ್ನ ಕೆಲಸ ಉಳಿಯಿತು.

ರಾತ್ರಿಯೆಲ್ಲ ನಾಚಿಕೆಯಿಂದ ಹೊರಳಾಡಿದೆ. ಮಾರನೆಯ ದಿನ ಇಡೀ ಕ್ಲಾಸಿನೆದುರು, ತಪ್ಪು ಹೇಳಿಕೊಟ್ಟವಳು ನಾನು, ಬೆಂಚಿನ ಮೇಲೆ ನಿಲ್ಲಬೇಕಾದವಳೂ ನಾನೇ ಎಂದೆ. ದೂರ ಹೋಗುವುದು ತೆಳ್ಳಗಿನ ಲಾವಾ ಎಂದು ತಿದ್ದಿದೆ.

“ಗೊತ್ತಿತ್ತು ಕಣ್ರಿ ಟೀಚರ್” ಅಂದಳು ಆ ಹುಡುಗಿ. “ನೀವು ಏಳ್ಕೊಟ್ಟ ದಿನ್ವೇ ಮನೇಲಿ ಅಂಬ್ಲಿ ಚೆಲ್ಲಿ ನೋಡ್ದೆ. ಬಾಗ್ಲುಗಂಟ ಅರೀತು. ಮುದ್ದೆ ಇದ್ದಲ್ಲೇ ಕೂತಿತ್ತು. ಅವ್ವ ಸರ್ಯಾಗಿ ಬೋದ್ಲು.”

“ಮತ್ತೆ ಸಾಹೇಬರಿಗೆ ಯಾಕೆ ಹಾಗಂದೆ?”

“ನೀವು ಏಳ್ಕೊಟ್ಟಿದ್ರಲ್ಲಾ” ಅಂದಳು.