ಹಗೇವಿಗೆ ಬಿಡದ ದೀಪ

ಹಗೇವಿಗೆ ಇಳಿಯುವ ಮುಂಚೆ ದೀಪ ಬಿಟ್ಟು ನೋಡುವುದು ಬೇಡ ಎಂದು ಅಣ್ಣನಿಗೆ ಹೇಳಿದವನು ನಾನು, ಅತ್ತಿಗೆ. ನಿಮ್ಮ ಅವಸರ ಅಲ್ಲ, ಹಣೆಬರಹ ಅಲ್ಲ, ಶಿವನ ಚಿತ್ತವೂ ಅಲ್ಲ. ನಾನು — ನೀವು ‘ಗುರಪ್ಪ’ ಎಂದು ಕರೆದು ಎಲ್ಲರಿಗಿಂತ ಮೊದಲು ಬಡಿಸುವ ನಿಮ್ಮ ಮೈದುನ.

ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು. ನಂಜನಗೂಡಿನ ಈ ಬಾಡಿಗೆ ಕೋಣೆಯ ಗೋಡೆಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಿಮ್ಮೆದುರು ಕೂತರೆ ಮಾತ್ರ ನಾಲಿಗೆ ಬಿದ್ದುಹೋಗುತ್ತದೆ. ಅದಕ್ಕೇ ಮೊದಲು ಬರೆದುಕೊಳ್ಳುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ — ನಡುವೆ ಒಂದು ಮಾತು ಬಿಟ್ಟರೂ ನಾನು ಅದರ ಹಿಂದೆ ಅಡಗಿಕೊಳ್ಳುವ ಜಾತಿ.

ಕವಲಂದೆ ಹತ್ತಿರದ ನಮ್ಮ ಮನೆಯ ಹಿತ್ತಲಲ್ಲಿ ತಾತನ ಕಾಲದ ಹಗೇವು ಇತ್ತು. ನೆಲದೊಳಗೆ ರಾಗಿ ತುಂಬಿಡುವ ಗುಂಡಿ. ಒಬ್ಬ ಮೈ ಮುದುರಿಕೊಂಡು ಇಳಿಯುವಷ್ಟು ಬಾಯಿ, ಒಳಗೆ ಕಾಳು ತುಂಬುವ ಮಣ್ಣಿನ ವಾಡೆಯ ಹಾಗೆ ಉಬ್ಬಿದ ಹೊಟ್ಟೆ, ಮೇಲೊಂದು ಚಪ್ಪಡಿ. ಅಪ್ಪ ಹೋದ ಮೇಲೆ ಅದಕ್ಕೆ ರಾಗಿ ತುಂಬಿರಲಿಲ್ಲ. ಮುಚ್ಚಿಟ್ಟ ಹಗೇವಿಗೆ ಇಳಿಯುವ ಮುನ್ನ ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ, ಇಳಿಯಬಾರದು. ಇದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಅಣ್ಣನಿಗಂತೂ ಚೆನ್ನಾಗಿ ಗೊತ್ತಿತ್ತು.

ಆ ಹಗೇವನ್ನು ನಾನು ಗುಟ್ಟಾಗಿ ಬೇರೆಯದಕ್ಕೆ ಬಳಸುತ್ತಿದ್ದೆ. ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ನಾನು ತಾಂಡ್ಯದ ಕಡೆಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದೆ. ಮನೆಯಲ್ಲಿ ‘ಕಾರ್ಖಾನೆ’ ಎಂದಷ್ಟೇ ಗೊತ್ತು. ಬಿಯರ್ ಮಾಡುವ ಕಾರ್ಖಾನೆ ಎಂದು ನಾನು ಹೇಳಲಿಲ್ಲ, ಅಣ್ಣ ಕೇಳಲಿಲ್ಲ. ವಿಭೂತಿ ಧರಿಸಿ ಲಿಂಗಪೂಜೆ ಮುಗಿಸದೆ ಹನಿ ನೀರು ಮುಟ್ಟದ ಮನುಷ್ಯ ಅವನು. ಯಾರಾದರೂ ಕುಡಿದು ಬಂದು ನಮ್ಮ ಜಗಲಿಯ ಮೇಲೆ ಕೂತರೆ, ಎದ್ದು ಹೋದ ಮೇಲೆ ನೀರು ಹಾಕಿ ತೊಳೆಸುತ್ತಿದ್ದ.

ಕಾರ್ಖಾನೆಯಲ್ಲಿ ವಯಸ್ಸಾದ ಸಾಹೇಬರೊಬ್ಬರಿದ್ದರು, ಹೊರದೇಶದಲ್ಲಿ ಬಿಯರ್ ಮಾಡುವುದನ್ನು ಕಲಿತು ಬಂದವರು. ನಮ್ಮ ಮಾಲನ್ನು ಅವರು ಬಾಯಿಗೂ ಹಾಕುತ್ತಿರಲಿಲ್ಲ. “ಇದು ಮಕ್ಕಳ ಪಾನಕ ಕಣಯ್ಯ. ಏಲ್ ಅಂತ ಒಂದು ಜಾತಿ ಬಿಯರ್ ಇದೆ, ಕಹಿ ಏಲ್. ಅದು ಐಸ್ ಹಾಗಿರಬಾರದು, ಬಾವಿ ನೀರಿನ ಹಾಗೆ ತಣ್ಣಗಿರಬೇಕು,” ಎನ್ನುತ್ತಿದ್ದರು. ನನಗೆ ಹುಚ್ಚು ಹತ್ತಿತು. ಬಾರ್ಲಿ ಮಾಲ್ಟನ್ನು ಬುತ್ತಿ ಡಬ್ಬಿಯಲ್ಲಿ ಕದ್ದು ತಂದೆ. ಬಿಸಿನೀರಲ್ಲಿ ನೆನೆಸಿ, ಸೋಸಿ, ಆ ಸಿಹಿನೀರಿಗೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಬಚ್ಚಲೊಲೆಯ ಮೇಲೆ ಕುದಿಸಿ, ಆರಿದ ಮೇಲೆ ಹುದುಗು ಬೆರೆಸಿ ಮಡಕೆಗೆ ತುಂಬಿದೆ. ಹಾಪ್ಸ್ ಸಿಗದಿದ್ದಾಗ ನೆಲಬೇವು ಹಾಕಿ ನೋಡಿದೆ — ಥೂ, ಜ್ವರದ ಕಷಾಯ! ಸೋಸಿ ಉಳಿದ ಬಾರ್ಲಿಯನ್ನು ನಮ್ಮ ಹಸು ಚಪ್ಪರಿಸಿಕೊಂಡು ತಿನ್ನುತ್ತಿತ್ತು. “ಏನಪ್ಪ ಇದು ವಾಸ್ನೆ?” ಎಂದು ನೀವು ಕೇಳಿದ್ದಿರಿ. ದನಕ್ಕೆ ಬೇಯಿಸುವ ಬೂಸಾ ಎಂದೆ. ಹಸು ಹಾಲು ಜಾಸ್ತಿ ಕೊಡುತ್ತಿದೆ ಎಂದು ನೀವು ಬೀದಿಯವರ ಮುಂದೆಲ್ಲ ನನ್ನನ್ನು ಹೊಗಳಿದಿರಿ.

ಏಕೆ ಮಾಡಿದೆ? ನನ್ನ ಮದುವೆಯ ಮಾತೊಂದು ಮುರಿದುಬಿದ್ದಿತ್ತು. ಜೊತೆಗೆ ಓದಿದವರು ಯಾರೂ ಊರಲ್ಲಿ ಉಳಿದಿರಲಿಲ್ಲ. ಸಂಜೆ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಒಬ್ಬನೇ ಕೂತು ಹಿತ್ತಾಳೆ ಲೋಟದಲ್ಲಿ ಆ ಕಹಿಯನ್ನು ಗುಟುಕರಿಸುವಾಗ — ಇದು ನನ್ನದು, ನನ್ನ ಕೈಯಾರೆ ಆದದ್ದು ಎನ್ನಿಸುತ್ತಿತ್ತು. ಅಮಲಿಗಲ್ಲ ಎಂದರೆ ನೀವು ನಂಬಬೇಕಾಗಿಲ್ಲ. ಚೆನ್ನಾಗಿದೆ ಎನ್ನಲು ಪಕ್ಕದಲ್ಲಿ ಒಂದು ಜೀವ ಇರಲಿಲ್ಲ, ಅಷ್ಟೇ ಕೊರತೆ.

ಚಳಿಗಾಲದಲ್ಲಿ ಹೇಗೋ ನಡೆಯಿತು. ಬಚ್ಚಲಮನೆಯ ಮೂಲೆಯಲ್ಲಿ ಮರಳು ಹಾಸಿ, ಮಡಕೆ ಕೂರಿಸಿ, ಒದ್ದೆ ಗೋಣಿಚೀಲ ಸುತ್ತಿಟ್ಟರೆ ಸಾಕಿತ್ತು. ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಎಷ್ಟು ನೀರು ಚಿಮುಕಿಸಿದರೂ ಮಡಕೆ ಬೆಚ್ಚಗಾಗಿ ಏಲ್ ಹುಳಿಯಾಗತೊಡಗಿತು. ಫ್ರಿಜ್ ಕೊಳ್ಳುವ ಯೋಗ್ಯತೆ ಇರಲಿಲ್ಲ, ಕೊಂಡರೂ ಅದರಲ್ಲಿ ಏನಿಡುತ್ತೇನೆಂದು ಹೇಳಲಿ? ಆಗ ಹಗೇವು ನೆನಪಾಯಿತು. ನೆತ್ತಿ ಸುಡುವ ಬೇಸಿಗೆಯಲ್ಲೂ ತಣ್ಣಗಿರುವ ಜಾಗ ಅದೊಂದೇ. ಇನ್ನೂ ನೊರೆ ಏಳುತ್ತಿದ್ದ ಮೂರು ದೊಡ್ಡ ಮಡಕೆಗಳನ್ನು ಹಗ್ಗ ಕಟ್ಟಿ ಇಳಿಸಿ, ಚಪ್ಪಡಿ ಎಳೆದುಬಿಟ್ಟೆ.

ಹೀಗೆ ಹುದುಗುವಾಗ ಮಡಕೆಯಿಂದ ಒಂದು ಗಾಳಿ ಏಳುತ್ತದೆ. ಅದು ಭಾರ, ಮೇಲೆ ಹೋಗದೆ ತಳದಲ್ಲೇ ನಿಲ್ಲುತ್ತದೆ. ಅದರಲ್ಲಿ ದೀಪ ಉರಿಯುವುದಿಲ್ಲ, ಮನುಷ್ಯ ಉಸಿರಾಡಲಾಗುವುದಿಲ್ಲ. ನನಗೆ ಇದು ಗೊತ್ತಿತ್ತೇ? ಗೊತ್ತಿತ್ತು, ಅತ್ತಿಗೆ. ಕಾರ್ಖಾನೆಯ ತೊಟ್ಟಿಗಳಿಗೆ ಇಳಿಯಬಾರದೆಂದು ಸಾಹೇಬರು ನಮಗೆ ಬೈದು ಬೈದು ಕಲಿಸಿದ್ದರು. ಅಣ್ಣ ಲಾಂದ್ರ ಕೇಳಿದ ಬೆಳಿಗ್ಗೆ ಅದು ನೆನಪಾಯಿತೇ ಎಂದು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ತಲೆಯಲ್ಲಿ ಇದ್ದದ್ದು ಒಂದೇ: ಮಡಕೆ ಕಾಣಿಸಿಬಿಡುತ್ತದೆ.

ಆ ವರ್ಷ ರಾಗಿ ಚೆನ್ನಾಗಿ ಬಂದಿತ್ತು. ಮಾರುವುದು ಬೇಡ, ಹಗೇವಿಗೇ ತುಂಬಿಸೋಣ ಎಂದವರು ನೀವು. ಅಂಗಳದಲ್ಲಿ ರಾಗಿ ರಾಶಿ ಬಿದ್ದಿತ್ತು, ಮೋಡ ಕಟ್ಟುತ್ತಿತ್ತು. ನೀವು ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದಾಗ ಅಣ್ಣ ಹಿತ್ತಲಿಗೆ ಬಂದ. ನಾನು ಬಸ್ಸಿಗೆ ಹೊರಟು ನಿಂತಿದ್ದೆ.

“ಗುರೂ, ಲಾಂದ್ರ ಎಲ್ಲಿ ಮಡಗಿದ್ದೀಯ್ಲಾ? ಅಗೇವು ಬಾಯಿ ತಗೀಬೇಕು, ನಿಮ್ಮತ್ಗೆ ಒಂದೇ ಸಮ ವರಾತ ಮಾಡ್ತಾವಳೆ.”

ಲಾಂದ್ರ ಇಳಿದರೆ ಬೆಳಕಿಗೆ ಮಡಕೆ ಕಾಣುತ್ತದೆ. ಬಾಯಿ ತಾನಾಗಿಯೇ ಆಡಿಬಿಟ್ಟಿತು.

“ಲಾಂದ್ರ ಯಾಕಣ್ಣ? ಮೊನ್ನೆ ನಾನೇ ಇಳ್ದು ನೋಡಿವ್ನಿ, ಗಾಳಿ ಸಂದಾಗದೆ. ನಾನ್ ಬರಗಂಟ ತಡಿ, ಸಂಜೆ ನಾನೇ ಕಿಲೀನ್ ಮಾಡಿಕೊಡ್ತೀನಿ.”

“ಸರಿ ಕಣ್ಲಾ. ಓಗು, ಬಸ್ಸು ಬತ್ತದೆ.”

ನಾನು ಇಳಿದಿರಲಿಲ್ಲ. ನೋಡಿರಲಿಲ್ಲ. ಸಂಜೆ ಬಂದು ಮಡಕೆ ಎತ್ತಿ ಗೊಬ್ಬರದ ಗುಂಡಿಗೆ ಸುರಿದರಾಯಿತು ಎಂದುಕೊಂಡು ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತೆಂದು ಖುಷಿಯಾಗಿದ್ದೂ ನೆನಪಿದೆ.

ಮೋಡ ಇಳಿಯಿತು. ನೀವು ಅವಸರ ಮಾಡಿದಿರಿ. ಅಣ್ಣ ನನಗೆ ಕಾಯದೆ, ದೀಪ ಬಿಡದೆ ಹಗೇವಿಗೆ ಇಳಿದ. ಕಾರ್ಖಾನೆಗೆ ಫೋನು ಬಂದು ನಾನು ಊರು ಮುಟ್ಟುವಷ್ಟರಲ್ಲಿ ಅವನನ್ನು ಜಗಲಿಯ ಮೇಲೆ ಮಲಗಿಸಿದ್ದರು. ಅವನು ಬಿದ್ದ ಮೇಲೆ ದೀಪ ಬಿಟ್ಟರಂತೆ, ಅರ್ಧಕ್ಕೇ ಆರಿತಂತೆ. ಒಳಗಿನ ಗಾಳಿ ಕದಲಲೆಂದು ಬೇವಿನ ಕೊಂಬೆ ಆಡಿಸಿ, ನೀರು ಎರಚಿ, ಪಕ್ಕದ ಮನೆಯವನೊಬ್ಬ ಇಳಿದು ಹಗ್ಗ ಬಿಗಿದನಂತೆ. “ಒಳಗೆ ಯಾವ್ದೋ ಮಡ್ಕೆ ಅವೆ ಕಣಪ್ಪ,” ಎಂದ ಆತ. “ಹಳೇವು. ಅವ್ವನ ಕಾಲದವು,” ಎಂದೆ. ಅಣ್ಣನ ಹೆಣದ ಮುಂದೆ ನಿಂತುಕೊಂಡು ಎರಡನೆಯ ಸುಳ್ಳು ಹೇಳಿದೆ, ಅದೂ ತೊದಲದೆ.

ಅವನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ ಗುದ್ದಲಿ ಮಂಕರಿ ಹಿಡಿದು ಹಗೇವಿಗೆ ನಾನೊಬ್ಬನೇ ಮಣ್ಣು ತುಂಬಿದೆ. ಯಾರನ್ನೂ ಕೈ ಹಾಕಲು ಬಿಡಲಿಲ್ಲ. ತಮ್ಮನ ಸಂಕಟ ನೋಡಿ ಎಂದು ಜನ ಕಣ್ಣೊರೆಸಿಕೊಂಡರು. ಮಡಕೆ ಮುಚ್ಚುವ ಗಡಿಬಿಡಿ ಅದು ಎಂದು ಯಾರಿಗೆ ಗೊತ್ತು?

ಆಮೇಲೆ ಶುರುವಾಯಿತು ನಿಮ್ಮ ಪಾಡು. ದೀಪ ಬಿಡದೆ ಇಳಿಯುವ ಮನುಷ್ಯನಲ್ಲ ಅವನು, ಹೆಂಡತಿ ವರಾತಕ್ಕೆ ಜೀವ ಬಿಟ್ಟ ಎಂದು ನಮ್ಮ ಸೋದರತ್ತೆ ತಿಥಿ ಮನೆಯಲ್ಲಿ ಎಲ್ಲರೆದುರು ಅಂದರು. ನಾನು ಅಲ್ಲೇ ಕಂಬಕ್ಕೆ ಒರಗಿದ್ದೆ. ಬಾಯಿ ಬಿಟ್ಟಿದ್ದರೆ ನೀವು ಮಗಳನ್ನು ಕಟ್ಟಿಕೊಂಡು ಟಿ. ನರಸೀಪುರದ ತವರಿಗೆ ಹೋಗಬೇಕಾಗಿರಲಿಲ್ಲ. ಬಿಡಲಿಲ್ಲ. ಅತ್ತಿಗೆ-ಮಗಳಿಗಾಗಿ ಮದುವೆಯನ್ನೇ ಒಲ್ಲೆನೆಂದ ಮೈದುನ ಎಂದು ನನಗೆ ಹೆಸರು ಬಂತು. ಅದನ್ನೂ ಹೊದ್ದುಕೊಂಡೆ. ಇನ್ನೊಂದು ಇದೆ, ಹೇಳಿಬಿಡುತ್ತೇನೆ: ಕೆಲವು ವರ್ಷ ಕಳೆದ ಮೇಲೆ ಇದೇ ಕೋಣೆಯಲ್ಲಿ ಮತ್ತೊಮ್ಮೆ ಏಲ್ ಮಾಡಿದೆ. ಒದ್ದೆ ಗೋಣಿ ಸುತ್ತಿ, ಮಂಚದ ಕೆಳಗೆ ಇಟ್ಟು. ಚೆನ್ನಾಗಿತ್ತು. ಪೂರ್ತಿ ಕುಡಿದೆ. ಆ ಲೋಟ ತೊಳೆಯುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು, ಆಮೇಲೆ ಮುಟ್ಟಲಿಲ್ಲ.

ಹೋದ ತಿಂಗಳು ನಿಮ್ಮ ಮನೆಗೆ ಬಂದಿದ್ದೆನಲ್ಲ, ಊಟಕ್ಕೆ ಕೂತಾಗ ಕರೆಂಟು ಹೋಯಿತು. ನೀವು ಬುಡ್ಡಿದೀಪ ಹಚ್ಚಿ ತಂದಿಟ್ಟು ಅದನ್ನೇ ನೋಡುತ್ತ ಕೂತಿರಿ. ಅಣ್ಣ ಹೋದಾಗಿನಿಂದ ನಿಮ್ಮ ಮನೆಯಲ್ಲಿ ರಾಗಿ ಚೀಲ ನಾನು ಕಂಡಿಲ್ಲ. ಬೇಕಾದಾಗ ಒಂದು ಸೇರು ಹಿಟ್ಟು ಅಂಗಡಿಯಿಂದ ತರಿಸುತ್ತೀರಿ. ಏಕೆಂದು ನಾನು ಕೇಳಿದವನಲ್ಲ. ನೀವೇ ಕೇಳಿದಿರಿ:

“ಗುರಪ್ಪ, ನಾನು ಅವಸರ ಮಾಡ್ದೆ ಇದ್ದಿದ್ರೆ ನಿಮ್ಮಣ್ಣ ದೀಪ ಬುಡ್ತಿದ್ರಾ? ನೀನಾದ್ರೂ ಯೋಳಪ್ಪ.”

ನಾನು ಏನು ಮಾಡಿದೆ? ಸಾರು ಚೆನ್ನಾಗಿದೆ ಎಂದೆ.

ಅಯ್ಯೋ, ಅಣ್ಣನಿಗೆ ಮಡಕೆ ಸಿಕ್ಕಿದ್ದರೆ ತಾನೇ ಏನಾಗುತ್ತಿತ್ತು! ಬೈಯುತ್ತಿದ್ದ. ಹಿತ್ತಲೆಲ್ಲ ನೀರು ಹಾಕಿ ತೊಳೆಸುತ್ತಿದ್ದ. ನಾಲ್ಕು ದಿನ ಮಾತು ಬಿಡುತ್ತಿದ್ದ, ಐದನೆಯ ದಿನ “ಉಂಡ್ಯೇನ್ಲಾ” ಎನ್ನುತ್ತಿದ್ದ. ಅಷ್ಟಕ್ಕೆ ಹೆದರಿದೆ ನಾನು.

ನಿಮ್ಮ ಪ್ರಶ್ನೆಗೆ ಉತ್ತರ ಇದು. ಬಿಡುತ್ತಿದ್ದ, ಅತ್ತಿಗೆ. ನೀವು ಎಷ್ಟೇ ಅವಸರ ಮಾಡಿದ್ದರೂ ದೀಪ ಬಿಟ್ಟೇ ಇಳಿಯುತ್ತಿದ್ದ. ಲಾಂದ್ರ ಎಲ್ಲಿ ಎಂದು ಅವನು ಕೇಳಿದ. ಬೇಡ ಎಂದವನು ನಾನು. ತಮ್ಮ ಹೇಳಿದನೆಂದು ನಂಬಿದ.

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಾಗಿಲಲ್ಲೇ ನಿಂತು ನಿಮಗೂ ಮಗಳಿಗೂ ಹೇಳುತ್ತೇನೆ. ಆಮೇಲೆ ಊರಿಗೆ ಹೋಗಿ ಸೋದರತ್ತೆಯ ಜಗಲಿಯ ಮೇಲೆ, ಬೀದಿಯವರಿಗೆಲ್ಲ ಕೇಳುವಂತೆ ಹೇಳುತ್ತೇನೆ. ನನಗೆ ತಟ್ಟೆ ಹಾಕಬೇಡಿ.