ಕ್ಷಮಾವಣಿಯ ದಿನದ ಶುಲ್ಕ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಕಾಗವಾಡದ ಒಂದು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದೆ. ಅಥಣಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಆ ಶಾಖೆಯಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಹಾಗಾಗಿ ಸುತ್ತಲಿನ ಹಳ್ಳಿಗಳ ಹೆಂಗಸರೆಲ್ಲ ನನ್ನ ಕಿಂಡಿಗೇ ಬಂದು ಚೀಟಿ ಬರೆಸಿಕೊಳ್ಳುತ್ತಿದ್ದರು, ಕಷ್ಟ ಸುಖ ಮಾತಾಡುತ್ತಿದ್ದರು. ಇದರಿಂದ ನನ್ನ ತಲೆ ಸ್ವಲ್ಪ ತಿರುಗಿತ್ತು ಅಂತಲೇ ಹೇಳಬೇಕು. ಅವರಿಗೆ ಯಾವುದು ಒಳ್ಳೆಯದು ಎನ್ನುವುದು ಅವರಿಗಿಂತ ನನಗೇ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ.

ಆಗ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಉಳಿತಾಯ ಖಾತೆಯಿಂದ ಆರು ತಿಂಗಳಲ್ಲಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಸಲ ಹಣ ತೆಗೆದರೆ, ಮುಂದಿನ ಒಂದೊಂದು ಸಲಕ್ಕೂ ಶುಲ್ಕ ಕೊಡಬೇಕು. ಪಾಸ್‌ಬುಕ್ ಕಳೆದರೆ ಹೊಸದಕ್ಕೂ ಶುಲ್ಕ. ಎಟಿಎಂ ಕಾರ್ಡು ಎಂಬುದನ್ನು ನಮ್ಮ ಕಡೆ ಆಗ ಯಾರೂ ಕಂಡಿರಲಿಲ್ಲ, ಪಾಸ್‌ಬುಕ್ಕೇ ಸರ್ವಸ್ವ. ಮ್ಯಾನೇಜರರು ಒಳಗಿನ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು, ಬೈಗುಳವೆಲ್ಲ ಕಿಂಡಿಗೆ ಬಂತು. ಬೈಸಿಕೊಳ್ಳುವುದಕ್ಕೆ ಬೇರೆ ಪಗಾರ ಇರಲಿಲ್ಲ.

ಎಲ್ಲರಿಗಿಂತ ಜೋರಾಗಿ ಬೈದವರು ಜುಗೂಳದ ಒಬ್ಬ ಮುದುಕಿ. ನಮ್ಮ ಹಾಗೆ ಜೈನರು, ಗಂಡ ತೀರಿಹೋಗಿದ್ದ, ಮಗನ ಮನೆಯಲ್ಲಿದ್ದರು. ಎಮ್ಮೆಯ ಹಾಲು ಡೇರಿಗೆ ಹಾಕಿ ಬಂದ ದುಡ್ಡನ್ನು ತಂದು ಖಾತೆಗೆ ಹಾಕುವರು. ಮತ್ತೆ ಪ್ರತಿ ಸೋಮವಾರ ಸಂತೆಗೆಂದು ಬಂದು ಅದರಲ್ಲೇ ಹತ್ತೋ ಇಪ್ಪತ್ತೋ ಬಿಡಿಸಿಕೊಂಡು ಹೋಗುವರು. ಅಷ್ಟಕ್ಕೂ ಚೀಟಿ, ಹೆಬ್ಬೆಟ್ಟು, ಲೆಡ್ಜರು. "ಆಯಿ, ಬ್ಯಾಂಕನ್ನ ಸಾಸಿವಿ ಡಬ್ಬಿ ಮಾಡ್ಕೊಂಡೀರಿ ನೋಡ್ರಿ" ಎಂದು ನಾನು ಕಾಡಿಸುತ್ತಿದ್ದೆ. ಅವರೂ ನಗುತ್ತಿದ್ದರು.

ಶುಲ್ಕದ ವಿಷಯ ಹೇಳಿದಾಗ ಮಾತ್ರ ನಗಲಿಲ್ಲ.

"ನನ್ನ ರೊಕ್ಕ ನಾ ತಗೊಳ್ಳಾಕ ನಿಮಗ ಯಾಕ ಕೊಡಬೇಕ? ಇದೇನ ಬ್ಯಾಂಕ ಐತೋ, ಜಕಾತಿ ನಾಕಾ ಐತೋ?" ಎಂದರು. ಬ್ಯಾಂಕು ಸುಂಕದ ಕಟ್ಟೆಯಾಯಿತೆಂದು ಹಿಂದೆ ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. "ಕುರ್ಚೀ ಮ್ಯಾಲ ಕುಂತು ಮುದುಕ್ಯಾರ ರೊಕ್ಕ ಕಡಿಯಾಕತ್ತೀಯಲ್ಲ, ನಾಚಿಕಿ ಬರೂದಿಲ್ಲೇನ್ ನಿನಗ?"

ನನಗೆ ಸಿಟ್ಟು ನೆತ್ತಿಗೇರಿತು. ಆದರೂ ತಡೆದುಕೊಂಡು, ದೊಡ್ಡ ಉಪಕಾರ ಮಾಡುವವಳಂತೆ ಉಪಾಯ ಹೇಳಿದೆ. "ಆಯಿ, ವಾರಾ ವಾರಾ ಯಾಕ ಬರ್ತೀರಿ? ಆರ ತಿಂಗಳಿಗೆ ಬೇಕಾದಷ್ಟು ಒಂದ ಸಲ ತಗೊಂಡ ಮನ್ಯಾಗ ಇಟ್ಕೋರಿ. ಶುಲ್ಕಾನೂ ಇಲ್ಲ, ಬಸ್ಸಿನ ಖರ್ಚೂ ಇಲ್ಲ."

"ಮನ್ಯಾಗ ಇಡಾಕ ಬರೂದಿಲ್ಲ ತಂಗಿ" ಎಂದರು. ದನಿ ಒಮ್ಮೆಲೇ ಸಣ್ಣದಾಗಿತ್ತು.

ಯಾಕೆ ಬರುವುದಿಲ್ಲ ಎಂದು ನಾನು ಕೇಳಲಿಲ್ಲ. ಹಿಂದೆ ಅಷ್ಟು ಜನ ಕಿವಿ ನಿಮಿರಿಸಿ ನಿಂತಿದ್ದಾಗ, ತನ್ನ ಮಗನ ವಿಷಯವನ್ನು ಯಾವ ತಾಯಿ ಬಾಯಿಬಿಟ್ಟು ಹೇಳುತ್ತಾಳೆ? ಅದು ನನಗೆ ತಿಳಿಯಬೇಕಿತ್ತು. "ಇಡಾಕ ಏನಾಗ್ತೈತ್ರಿ, ಟ್ರಂಕಿನ್ಯಾಗ ಇಡ್ರಿ" ಎಂದು ಚೀಟಿ ನಾನೇ ಬರೆದೆ. ಖಾತೆ ಉಳಿಯುವಷ್ಟು ಬಿಟ್ಟು ಮಿಕ್ಕಿದ್ದನ್ನೆಲ್ಲ ತೆಗೆಸಿದೆ. ಅವರ ಹೆಬ್ಬೆರಳು ಹಿಡಿದು ಒತ್ತಿಸಿದವಳೂ ನಾನೇ. ಅವರು ನೋಟಿನ ಕಟ್ಟನ್ನು ಸೆರಗಿನಲ್ಲಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ, ಕಡೆಗೆ ಕುಪ್ಪಸದೊಳಗೆ ಇಟ್ಟುಕೊಂಡು ಹೋದರು.

ಆಮೇಲೆ ಸೋಮವಾರಗಳಲ್ಲಿ ಅವರು ಬರಲಿಲ್ಲ. ನನಗೆ ಖುಷಿಯೇ ಆಯಿತು. ನನ್ನ ಉಪಾಯ ಫಲಿಸಿತೆಂದು ಮ್ಯಾನೇಜರರ ಮುಂದೆ ಹೇಳಿಕೊಂಡೆ, ಅವರು ಭೇಷ್ ಎಂದರು. ಬೇರೆ ಹೆಂಗಸರಿಗೂ ಅದನ್ನೇ ಹೇಳತೊಡಗಿದೆ.

ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಉಪವಾಸಗಳು ಮುಗಿದು ಕ್ಷಮಾವಣಿ ಬಂತು. ಅಂದು ನಮ್ಮವರು ಒಬ್ಬರನ್ನೊಬ್ಬರು ಕಂಡು, ವರ್ಷದಲ್ಲಿ ಆದ ತಪ್ಪಿಗೆಲ್ಲ ಕೈಮುಗಿದು ಕ್ಷಮೆ ಕೇಳುವುದು ವಾಡಿಕೆ. ಅಂದು ಮುಂಜಾನೆ ಆ ಮುದುಕಿ ಬಸದಿಯಿಂದ ನೇರವಾಗಿ ಬ್ಯಾಂಕಿಗೆ ಬಂದರು. ಸೊರಗಿದ್ದರು, ಉಪವಾಸದಿಂದ ಇರಬೇಕು ಎಂದುಕೊಂಡೆ. ಕಿಂಡಿಯ ಮುಂದೆ ನಿಂತು ಎರಡೂ ಕೈ ಜೋಡಿಸಿದರು.

"ಆವತ್ತ ಸಿಟ್ಟಿನಾಗ ನಾಕ ಮಂದ್ಯಾಗ ನಿನಗ ಏನೇನೋ ಅಂದೆ. ತಪ್ಪಾತು ತಂಗಿ. ಕ್ಷಮಾ ಮಾಡು."

"ನನ್ನಿಂದನೂ ಏನರೆ ತಪ್ಪಾಗಿದ್ರ ಕ್ಷಮಾ ಮಾಡ್ರಿ ಆಯಿ" ಎಂದೆ. ಕೈಯಲ್ಲಿ ನೋಟಿನ ಕಟ್ಟಿತ್ತು, ಅದನ್ನು ಕೆಳಗಿಡದೆಯೇ ಅಂದೆ. ಬೆಳಗಿನಿಂದ ಹತ್ತಾರು ಜನರಿಗೆ ಅದೇ ಮಾತು ಹೇಳಿದ್ದೆ, ಬಾಯಿಗೆ ರೂಢಿಯಾಗಿತ್ತು.

ಆಮೇಲೆ ಅವರು ಹೊಸ ಪಾಸ್‌ಬುಕ್ ಬೇಕೆಂದರು.

"ಹಳೇದ ಏನಾತ್ರಿ?"

"ರೊಕ್ಕದ ಜೋಡೀನ ಒಂದ ಅರಿವ್ಯಾಗ ಕಟ್ಟಿ ಇಟ್ಟಿದ್ದೆ. ಮಗ ಗಂಟ ಸಹಿತ ಒಯ್ದ. ಬುಕ್ಕ ಎಲ್ಲಿ ಒಗದನೋ." ತಾವೇ ಸೇರಿಸಿದರು, "ಕುಡ್ಯಾಕ ಅಲ್ಲ ಮತ್ತ. ಹಳೇದೊಂದ ಮೋಟರ್‌ಸೈಕಲ್ ತಗೊಂಡಾನ."

"ಯಾವಾಗ ಒಯ್ದರ್ರಿ?"

"ಆವತ್ತ ಸಂಜೀಕ."

ನಾಚಿಕೆ ಎಂದರೆ ಏನೆಂದು ಅಲ್ಲಿಯವರೆಗೂ ನನಗೆ ಗೊತ್ತಿರಲಿಲ್ಲ ಎನಿಸಿತು. ಈಗ ನಿಜವಾಗಿ ಕ್ಷಮೆ ಕೇಳಬೇಕಿತ್ತು, ಆದರೆ ಆ ಮಾತನ್ನು ಆಗಲೇ ಆಡಿ ಮುಗಿಸಿದ್ದೆ. ಅದನ್ನೇ ಎರಡನೆಯ ಸಲ ಹೇಳಿದರೆ ಏನು ಬೆಲೆ? ಅರ್ಜಿ ತುಂಬಿದೆ. ನಾನು ಕೇಳುವ ಮೊದಲೇ ಅವರು ಹೆಬ್ಬೆರಳು ಮುಂದೆ ಚಾಚಿದರು.

"ಇದಕ್ಕ ಶುಲ್ಕ ಐತ್ರಿ, ಆಯಿ" ಎಂದೆ.

ಜಕಾತಿ ನಾಕಾ ಅನ್ನುತ್ತಾರೆ, ಸಾಲಿನವರು ಕೇಳುವ ಹಾಗೆ ಅನ್ನುತ್ತಾರೆ ಎಂದು ಕಾದೆ. ಹಾಗೆ ಅಂದಿದ್ದರೆ ಸಾಕಿತ್ತು. ಅವರು ಸೆರಗಿನ ಗಂಟು ಬಿಚ್ಚತೊಡಗಿದರು.

"ಬೈರಿ ಆಯಿ" ಎಂದೆ ಮೆಲ್ಲಗೆ. "ಬೈದಬಿಡ್ರಿ ನನಗ."

"ಈಗಷ್ಟ ಕ್ಷಮಾ ಕೇಳೇನಿ. ಮತ್ತ ಬೈದ್ರ ಹೆಂಗ ನಡೀತೈತಿ, ಹುಚ್ಚಿ?" ಎಂದು ಅವರು ದುಡ್ಡನ್ನು ಕಿಂಡಿಯೊಳಗೆ ತಳ್ಳಿದರು.

ನಾನು ತೆಗೆದುಕೊಂಡೆ.